ತಾರೀಖು ಬದಲಾಗದ ಫೋಲ್ಡರ್

ಮೇ 28, ಬುಧವಾರ

ಜಾಗ ಸಾಲುತ್ತಿಲ್ಲ. ಮನೆಯಲ್ಲಲ್ಲ, ಆಫೀಸಿನ ಸರ್ವರಿನಲ್ಲಿ. ಬೆಳಿಗ್ಗೆ ಬ್ಯಾಗು ಇಳಿಸುವುದಕ್ಕೂ ಬಿಡದೆ ಮಂಜಣ್ಣ ಸಾರ್ ತೋರಿಸಿದರು. ಡಿಸ್ಕು ನೂರಕ್ಕೆ ತೊಂಬತ್ತೊಂದು ತುಂಬಿದೆ.

"ಮಳೆಗಾಲಕ್ಕೆ ಮುಂಚೆ ಕ್ಲೀನ್ ಮಾಡ್ಬೇಕು ದಿವ್ಯಮ್ಮ. ಆಷಾಢದ ಗಾಳಿ ಹಿಡೀತು ಅಂದ್ರೆ ಒಂದೊಂದು ಫ್ಯಾನೂ ಸಿಕ್ಕಾಪಟ್ಟೆ ಡಾಟಾ ಕಳಿಸ್ತವೆ. ಡಿಸ್ಕು ತುಂಬಿದ್ರೆ ಪರದೆ ನಿಂತೋಗ್ತೈತೆ. ಮೇಲೆ ಹತ್ತಿರೋ ಹುಡುಗ್ರಿಗೆ ಇಳೀರಿ ಅಂತ ಹೇಳಾರು ಯಾರು?"

ಯಾರು ಅಂದರೆ ನಾನು. ಹೊಳಲ್ಕೆರೆ, ಹೊಸದುರ್ಗ, ಹಿರಿಯೂರು ಕಡೆಯ ಗುಡ್ಡಗಳ ಮೇಲೆ ತಿರುಗಿ ಕರೆಂಟು ತೆಗೆಯುವ ಗಾಳಿ ಫ್ಯಾನುಗಳ ರಿಪೇರಿ ಗುತ್ತಿಗೆ ನಮ್ಮ ಕಂಪನಿಯದು. ಅಲ್ಲಿನ ಗಾಳಿಯ ವೇಗ, ಯಂತ್ರದ ಬಿಸಿ, ಅಲುಗಾಟ ಎಲ್ಲ ಚಿತ್ರದುರ್ಗದ ಈ ಕೋಣೆಯ ಪರದೆಗೆ ಬಂದು ಬೀಳುತ್ತವೆ. ಗಾಳಿ ಮಿತಿ ದಾಟಿದ ಕೂಡಲೇ ಮೇಲಿರುವವರಿಗೆ ಫೋನ್ ಮಾಡಿ ಇಳಿಸುವುದು ನನ್ನ ಕೆಲಸ. ಸರ್ವರ್ ನೋಡಿಕೊಳ್ಳುವುದೂ ನನ್ನದೇ.

ನನಗಿಂತ ಮುಂಚೆ ಈ ಕುರ್ಚಿಯಲ್ಲಿ ಕೂರುತ್ತಿದ್ದವರು ನನ್ನ ಗಂಡ. ಹೋದ ಕಾರ್ತಿಕದಲ್ಲಿ ಹೃದಯಾಘಾತವಾಗಿ ತೀರಿಕೊಂಡರು. ಕಾಲೇಜಿನ ಕಂಪ್ಯೂಟರ್ ಲ್ಯಾಬಿನಲ್ಲಿದ್ದ ನನ್ನನ್ನು ಕಂಪನಿಯವರು ಕರೆದು ಅವರ ಜಾಗದಲ್ಲಿ ಕೂರಿಸಿದರು. ಒಮ್ಮೆ ಬರೆದಾಯಿತು. ನಿದ್ದೆ ಬರಲಿ ಅಂತ ಡಾಕ್ಟರು ಬರೆಯಲು ಹೇಳಿದ್ದಾರೆ, ಬರೆಯುತ್ತೇನೆ. ಆದರೆ ಆ ವಿಷಯ ಮತ್ತೆ ಬರೆಯುವುದಿಲ್ಲ.

ಜೂನ್ 2, ಸೋಮವಾರ

ಯಾವ ಫೋಲ್ಡರ್ ಉಬ್ಬುತ್ತಿದೆ ಎಂದು ಹುಡುಕುವುದೇ ದೊಡ್ಡ ಕೆಲಸ. ಇಡೀ ಡಿಸ್ಕು ಅಳೆಯಲು ಡಿಯು ಅಂತ ಒಂದು ಕಮಾಂಡ್ ಇದೆ. ಆದರೆ ಅದು ಲಕ್ಷಗಟ್ಟಲೆ ಸಣ್ಣ ಫೈಲುಗಳನ್ನು ಒಂದೊಂದಾಗಿ ಮುಟ್ಟಿ ನೋಡುತ್ತಾ ಹೋಗುತ್ತದೆ, ಅಷ್ಟು ಹೊತ್ತೂ ಪರದೆ ಏದುಸಿರು ಬಿಡುತ್ತದೆ. ಜನ ಮೇಲೆ ಹತ್ತಿರುವಾಗ ಅದನ್ನು ಓಡಿಸಬೇಡ ಎಂದು ಸಾರ್ ಹೇಳಿದ್ದಾರೆ. ಹಾಗಾಗಿ ಅಡ್ಡದಾರಿ ಹಿಡಿದೆ. ಎಲ್ಲವನ್ನೂ ಯಾಕೆ ಅಳೆಯಬೇಕು, ಈಚೆಗೆ ಬದಲಾದ ಫೋಲ್ಡರುಗಳನ್ನು ಅಳೆದರೆ ಸಾಕಲ್ಲ.

find . -type d -mtime -7

ವಾರದೊಳಗೆ ಬದಲಾದ ಫೋಲ್ಡರುಗಳನ್ನಷ್ಟೇ ಇದು ಹೆಕ್ಕಿ ಕೊಡುತ್ತದೆ. ಅವನ್ನು ಮಾತ್ರ ಡಿಯುವಿಗೆ ಕೊಟ್ಟು, ಸಾರ್ಟ್ ಹಾಕಿ, ದೊಡ್ಡದು ಕೊನೆಗೆ ಬರುವಂತೆ ಮಾಡಿದೆ. ಹೊಸದುರ್ಗ ಕಡೆಯ ಕ್ಯಾಮೆರಾ ಫೋಟೋಗಳು ಸಿಕ್ಕಿಬಿದ್ದವು. ಒಂದೇ ಫೋಟೋ ಎರಡೆರಡು ಸಲ ಬಂದು ಕೂತಿತ್ತು. ಅಳಿಸಿದೆ. ಎಂಬತ್ತೆಂಟಕ್ಕೆ ಇಳಿಯಿತು. ಇಷ್ಟು ದಿನದಲ್ಲಿ ಮೊದಲ ಸಲ ಕೆಲಸ ಮಾಡಿದ ಸಮಾಧಾನವಾಯಿತು.

ಹಿಂದೆ ಈ ಕುರ್ಚಿಯಲ್ಲಿ ಇದ್ದವರ ಹೆಸರಿನ ಫೋಲ್ಡರೂ ಒಂದಿದೆ. ತಾರೀಖು ನವೆಂಬರ್ ಹನ್ನೊಂದು. ಅದಕ್ಕೆ ನಾನು ಕೈ ಹಾಕಲಿಲ್ಲ. ಅಲ್ಲಿ ಅವತ್ತಿನಿಂದ ಏನೂ ಬದಲಾಗಿಲ್ಲ ಎಂದು ತಾರೀಖೇ ಹೇಳುತ್ತಿದೆ.

ಜೂನ್ 5, ಗುರುವಾರ

ಮತ್ತೆ ತೊಂಬತ್ತು. ಎಲ್ಲಿಂದ ತುಂಬುತ್ತಿದೆಯೋ ತಿಳಿಯುತ್ತಿಲ್ಲ.

ಇತ್ತ ಮನೆಯಲ್ಲಿ ಅತ್ತೆಯ ಬೈಕ್ ಕಾಟ. ವೀರಮ್ಮ ಅಂದರೆ ನಮ್ಮ ಅತ್ತೆ, ಜೀವಮಾನದಲ್ಲಿ ಸೈಕಲ್ ಕೂಡ ತುಳಿದವರಲ್ಲ. ಆದರೆ ಮಗನ ಬೈಕಿನ ಕೀ ತಿರುಗಿಸಿ ಬಟನ್ ಒತ್ತುವುದನ್ನು ಕಲಿತಿದ್ದಾರೆ. ದಿನಾ ಬೆಳಿಗ್ಗೆ ಎಂಟಕ್ಕೆ ಅಂಗಳದಲ್ಲಿ ಸ್ಟ್ಯಾಂಡ್ ಹಾಕಿದ ಬೈಕನ್ನು ಶುರು ಮಾಡಿ, ಪಕ್ಕದ ಕಲ್ಲಿನ ಮೇಲೆ ಕೂತು, ಅದು ಗುರುಗುಟ್ಟುವುದನ್ನು ಕೇಳುತ್ತಾರೆ. ಸೆರಗಿನಲ್ಲಿ ಕನ್ನಡಿ ಒರೆಸುತ್ತಾರೆ. ಪಕ್ಕದ ಮನೆಯವರು ಗಡಿಯಾರ ನೋಡುವುದನ್ನೇ ಬಿಟ್ಟಿದ್ದಾರೆ. ಬೈಕ್ ಕೂಗಿತೆಂದರೆ ಮಕ್ಕಳನ್ನು ಸ್ಕೂಲಿಗೆ ಹೊರಡಿಸುತ್ತಾರೆ.

"ಸುಮ್ನೆ ನಿಲ್ಸಿದ್ರೆ ಬ್ಯಾಟ್ರಿ ಹೋಗ್ತೈತೆ" ಅನ್ನುತ್ತಾರೆ ಅತ್ತೆ. ಹೋದರೆ ಹೋಗಲಿ. ಯಾರು ಓಡಿಸಬೇಕು ಅದನ್ನು? ನನಗೆ ಬರುತ್ತದೆ, ಅವರೇ ಕಲಿಸಿದ್ದರು. ಆದರೆ ನಾನು ಬಸ್ಸಿಗೆ ಹೋಗುತ್ತೇನೆ. ಆ ಸದ್ದು ಶುರುವಾದಾಗ ಸ್ನಾನದ ಮನೆಯಲ್ಲಿ ನಲ್ಲಿ ಬಿಟ್ಟುಕೊಂಡು ನಿಲ್ಲುತ್ತೇನೆ.

ಜೂನ್ 9, ಸೋಮವಾರ

ರಾಜಕುಮಾರ ಬಂದಿದ್ದ. ಯಲ್ಲದಕೆರೆಯವನು, ಫ್ಯಾನು ಹತ್ತುವ ಹುಡುಗರಲ್ಲಿ ಎಲ್ಲರಿಗಿಂತ ಚುರುಕು. ಅವರ ಮನೆಯಲ್ಲಿ ಈಗಲೂ ಕುರಿ ಸಾಕುತ್ತಾರೆ. ಸೊಂಟದ ಬೆಲ್ಟು ಬದಲಾಯಿಸಿಕೊಳ್ಳಲು ಬಂದವನು ನನ್ನ ಪಕ್ಕ ನಿಂತು ಪರದೆ ನೋಡಿದ.

"ಏನಕ್ಕ, ಮಕ ಹಿಂಗೆ ಸಣ್ಣ ಮಾಡ್ಕಂಡಿದ್ದೀರಿ?"

"ಡಿಸ್ಕು ತುಂಬ್ತಾ ಐತೆ. ಕಳ್ಳ ಸಿಗ್ತಿಲ್ಲ."

"ಸಿಗ್ತಾನೆ ಬಿಡ್ರಿ. ನೀವು ಫೋನ್ ಮಾಡಿ ಇಳಿ ಅಂತೀರಲ್ಲ, ಅದೊಂದು ತಪ್ಪಿಸ್ಬ್ಯಾಡ್ರಿ, ಸಾಕು" ಎಂದು ನಕ್ಕು ಹೋದ.

ಬದಲಾದ ಫೋಲ್ಡರುಗಳ ಗಾತ್ರವನ್ನೆಲ್ಲ ಕೂಡಿಸಿದರೂ ದಿನಕ್ಕೆ ತುಂಬುತ್ತಿರುವುದರ ಅರ್ಧ ಆಗುತ್ತಿಲ್ಲ. ಉಳಿದರ್ಧ ಎಲ್ಲಿ ಹೋಗುತ್ತಿದೆ? ಬದಲಾಗದೆ ಇರುವ ಫೋಲ್ಡರ್ ಬೆಳೆಯುವುದಾದರೂ ಹೇಗೆ?

ಜೂನ್ 14, ಶನಿವಾರ

ಗಾಳಿ ಇರಲಿಲ್ಲ, ಹತ್ತುವವರೂ ಇರಲಿಲ್ಲ. "ಇವತ್ತು ಪೂರ್ತಿ ಅಳೆದು ಬಿಡಮ್ಮ" ಎಂದು ಹೇಳಿ ಮಂಜಣ್ಣ ಸಾರ್ ಹೊಸದುರ್ಗಕ್ಕೆ ಹೋದರು. ಡಿಯು ಓಡಿಸಿ ಕೂತೆ. ಊಟದ ಡಬ್ಬಿ ತೆರೆಯುವ ಹೊತ್ತಿಗೆ ಮುಗಿಯಿತು.

ಎಲ್ಲಕ್ಕಿಂತ ದೊಡ್ಡದು ಪಟ್ಟಿಯ ಕೊನೆಯಲ್ಲಿತ್ತು. ಇಂಗ್ಲಿಷಿನ ಸಣ್ಣಕ್ಷರದಲ್ಲಿ ಅವರ ಹೆಸರು.

ತಪ್ಪಿರಬೇಕು ಎಂದುಕೊಂಡೆ. ತಾರೀಖು ನೋಡಿದೆ, ನವೆಂಬರ್ ಹನ್ನೊಂದೇ. ಇಷ್ಟು ದಿನ ಮುಟ್ಟದಿದ್ದ ಫೋಲ್ಡರನ್ನು ತೆರೆದೆ. ಒಳಗೆ ನಾಲ್ಕಾರು ಪುಟ್ಟ ಫೈಲುಗಳು, ಒಂದು ದೈತ್ಯ ಫೈಲು. ಆ ಫೈಲಿನ ಮುಂದೆ ಇವತ್ತಿನ ತಾರೀಖು, ಈಗಿನ ನಿಮಿಷ. ಮತ್ತೊಮ್ಮೆ ನೋಡಿದಾಗ ಇನ್ನಷ್ಟು ದೊಡ್ಡದಾಗಿತ್ತು.

ನಾನು ಮಾಡಿದ ತಪ್ಪು ಆಗ ತಿಳಿಯಿತು. ಒಳಗೆ ಹೊಸ ಫೈಲು ಸೇರಿದರೆ ಅಥವಾ ಇದ್ದದ್ದು ಹೊರಗೆ ಹೋದರೆ ಮಾತ್ರ ಫೋಲ್ಡರಿನ ತಾರೀಖು ಬದಲಾಗುತ್ತದೆ. ಇದ್ದ ಫೈಲೇ ಒಳಗೊಳಗೆ ಬೆಳೆದರೆ ಫೋಲ್ಡರಿಗೆ ಗೊತ್ತೇ ಆಗುವುದಿಲ್ಲ. ರಾಜಕುಮಾರನಿಗೆ ಹೇಳುವುದಾದರೆ, ಹೊಸ ಕುರಿ ಬಂದಾಗ ರೊಪ್ಪದ ಬಾಗಿಲು ತೆರೆಯಬೇಕು, ಒಳಗಿರುವ ಕುರಿ ಕೊಬ್ಬಿದರೆ ಬಾಗಿಲಿಗೇನು ಗೊತ್ತು? ನಾನು ಬಾಗಿಲು ನೋಡಿಕೊಂಡು ಕೂತಿದ್ದೆ. ನೋಡಬೇಕಾದದ್ದು ಫೋಲ್ಡರುಗಳನ್ನಲ್ಲ, ಫೈಲುಗಳನ್ನು.

find . -type f -mtime -1 -size +1G

ಇದನ್ನು ಹೊಡೆದರೆ ಒಂದೇ ಸಾಲು ಬಂತು. ಅದೇ ಫೈಲು.

ಆಮೇಲೆ ಸರ್ವರಿನಲ್ಲಿ ಓಡುತ್ತಿರುವ ಪ್ರೋಗ್ರಾಮುಗಳ ಪಟ್ಟಿ ತೆಗೆದೆ. ಯಾವುದು, ಯಾರದು, ಎಷ್ಟು ದಿನದಿಂದ ಎಂದು ಅದರಲ್ಲಿ ಬರೆದಿರುತ್ತದೆ. ನಡುವೆ ಒಂದು ಸಾಲಿನಲ್ಲಿ ಅವರ ಹೆಸರು, ಶರಣ್ ಎಂದಿತ್ತು. ಅವರು ಬರೆದ ಪ್ರೋಗ್ರಾಂ, ಅವರೇ ಶುರು ಮಾಡಿದ್ದು, ಅಂದಿನಿಂದ ಒಮ್ಮೆಯೂ ನಿಂತಿಲ್ಲ, ಆ ಫೈಲನ್ನು ತುಂಬುತ್ತಿರುವುದು ಅದೇ.

ಡಬ್ಬಿ ಹಾಗೇ ಮುಚ್ಚಿ ಮನೆಗೆ ತಂದೆ. ಬಸ್ಸಿನಲ್ಲಿ ಅತ್ತುಬಿಟ್ಟೆ. ಏಳು ತಿಂಗಳಿಂದ ಅತ್ತಿರಲಿಲ್ಲ.

ಜೂನ್ 17, ಮಂಗಳವಾರ

ಏನೆಂದು ಗೊತ್ತಾಯಿತು. ಹೊಸದುರ್ಗ ಕಡೆಯ ಗುಡ್ಡದ ಹದಿನೇಳನೇ ಫ್ಯಾನು. ಅದರ ಗೇರಿನ ಡಬ್ಬಿಯೊಳಗೆ ಏನೋ ಸದ್ದು ಬರುತ್ತದೆ ಎಂದು ಶರಣ್ ಹೋದ ವರ್ಷ ಹೇಳುತ್ತಲೇ ಇದ್ದರು. ಊಟಕ್ಕೆ ಕೂತರೂ ಅದೇ ಮಾತು. "ಗಾಳಿ ಜಾಸ್ತಿಯಾದಾಗ ಮಾತ್ರ ಬರುತ್ತೆ ಕಣೇ, ಹಲ್ಲು ಕಡಿದ ಹಾಗೆ." ಕಂಪನಿಯ ಮೇಲಿನವರು ಬಿಡ್ರೀ ಅಂದಿದ್ದರು. ಅದಕ್ಕೆ ಆ ಫ್ಯಾನಿನ ಅಲುಗಾಟವನ್ನು ಕ್ಷಣ ಬಿಡದೆ ಬರೆದುಕೊಳ್ಳುವ ಪ್ರೋಗ್ರಾಂ ಬರೆದು ಓಡಲು ಬಿಟ್ಟಿದ್ದಾರೆ. ಗಾಳಿ ಹೆಚ್ಚಾದಷ್ಟೂ ಹೆಚ್ಚು ಬರೆಯುತ್ತದೆ. ಮಾರನೇ ದಿನ ಬಂದು ನೋಡೋಣ ಅಂದುಕೊಂಡಿರಬೇಕು. ಮಾರನೇ ದಿನವೇ ಹೋದರು.

ನಿಲ್ಲಿಸಬೇಕು. ಒಂದು ಸಾಲಿನ ಕೆಲಸ. ಪ್ರೋಗ್ರಾಮಿನ ನಂಬರ್ ಕೊಟ್ಟು ಕಿಲ್ ಎಂದರೆ ಮುಗಿಯಿತು. ನಂಬರೂ ಬಾಯಿಪಾಠವಾಗಿದೆ.

ನಿಲ್ಲಿಸಲಿಲ್ಲ. ಅದರ ಬದಲು ಹಿರಿಯೂರು ಕಡೆಯ ಹಳೆಯ ರಿಪೇರಿ ಫೋಟೋಗಳನ್ನು ಅಳಿಸಿದೆ.

"ಕಳ್ಳ ಸಿಕ್ನಾ?" ಎಂದು ಮಂಜಣ್ಣ ಸಾರ್ ಕೇಳಿದರು.

"ಹಳೇ ಫೋಟೋಗಳು ಸಾರ್. ಇನ್ನೂ ಅವೆ, ತೆಗೀತಾ ಇದ್ದೀನಿ" ಅಂದೆ.

"ಹೊಸ ಡಿಸ್ಕಿಗೆ ಹೇಳಿದ್ದೀನಿ. ಮುಂದಿನ ತಿಂಗಳು ಬರ್ತೈತೆ. ಅಲ್ಲಿಗಂಟ ತಳ್ಳು."

ತಳ್ಳುತ್ತೇನೆ. ಹೊಸ ಡಿಸ್ಕು ಬಂದರೆ ಯಾವುದನ್ನೂ ನಿಲ್ಲಿಸುವ ಅಗತ್ಯವೇ ಇರುವುದಿಲ್ಲ.

ಜೂನ್ 23, ಸೋಮವಾರ

ಗಾಳಿ ಶುರುವಾಗಿದೆ. ಈಗ ಆಫೀಸಿಗೆ ಹೋದ ಕೂಡಲೇ ನೋಡುವುದು ಅವರ ಫೈಲನ್ನು. ರಾತ್ರಿ ಗಾಳಿ ಜೋರಾಗಿದ್ದರೆ ಬೆಳಿಗ್ಗೆ ಹೊಟ್ಟೆ ತುಂಬ ಉಂಡವರಂತೆ ಇರುತ್ತದೆ. ಕೊನೆಯ ಸಾಲುಗಳನ್ನು ತೆರೆದು ಓದುತ್ತೇನೆ. ಬರೀ ಅಂಕಿಗಳು. ಆದರೂ ಓದುತ್ತೇನೆ. ಇವತ್ತು ಕೋಣೆಯಲ್ಲಿ ಯಾರೂ ಇಲ್ಲದಾಗ "ಆಯ್ತು ಕಣ್ರೀ, ಬರೀರಿ" ಅಂದೆ. ಬಾಯಿಂದ ತಾನಾಗಿ ಬಂತು.

ಬೆಳಿಗ್ಗೆ ಅತ್ತೆಯ ಜೊತೆ ಜಗಳ. ಬೈಕಿನ ಹೊಗೆ ಅಡುಗೆಮನೆಗೆ ಬಂತು, ನನಗೆ ತಲೆ ಕೆಟ್ಟಿತು. ಹೊರಗೆ ಬಂದು ಕೂಗಿಬಿಟ್ಟೆ.

"ಯಾರಿಗೋಸ್ಕರ ಓಡಿಸ್ತೀರಿ ಇದನ್ನ? ಓಡಿಸಿದ್ರೆ ಬರ್ತಾರಾ ಅವ್ರು?"

ಅತ್ತೆ ಕಲ್ಲಿನ ಮೇಲಿಂದ ಏಳಲಿಲ್ಲ. ನನ್ನ ಮುಖ ನೋಡದೆ ಅಂದರು: "ನೀನು ಬಂದ್ ಮಾಡಾಕೆ ಯಾವಾಗ್ಲೂ ಮುಂದು ಕಣೇ. ಅವತ್ತೂ ಅಷ್ಟೇ."

ಅವತ್ತಿನದನ್ನು ಬರೆಯುವುದಿಲ್ಲ ಅಂದಿದ್ದೆ. ಬರೆಯುತ್ತೇನೆ. ಅವತ್ತು ಬೆಳಿಗ್ಗೆ ಶರಣ್ ಬೈಕ್ ಶುರು ಮಾಡಿ, ಹೆಲ್ಮೆಟ್ ಮರೆತಿದ್ದಕ್ಕೆ ಒಳಗೆ ಬಂದವರು ನಡುಮನೆಯಲ್ಲಿ ಕುಸಿದರು. ಹೊರಗೆ ಬೈಕ್ ಓಡುತ್ತಲೇ ಇತ್ತು. ಹಿತ್ತಿಲಲ್ಲಿದ್ದ ಅತ್ತೆಗೆ ಆ ಸದ್ದು ಕೇಳುತ್ತಿದ್ದರಿಂದ ಮಗ ಇನ್ನೇನು ಹೊರಡುತ್ತಾನೆ ಎಂದುಕೊಂಡು ಬಟ್ಟೆ ಒಗೆಯುತ್ತಲೇ ಇದ್ದರು. ನಾನು ಎದೆ ಒತ್ತಿದೆ, ಬಾಯಿಗೆ ಉಸಿರು ಊದಿದೆ. ಉಪಯೋಗವಾಗಲಿಲ್ಲ. ಆಮೇಲೆ ಯಾಕೋ ಹೊರಗೆ ಹೋಗಿ ಬೈಕ್ ಆಫ್ ಮಾಡಿದೆ. ಸದ್ದು ನಿಂತದ್ದನ್ನು ಕೇಳಿ ಅತ್ತೆ ಓಡಿ ಬಂದರು. ಅವರ ಲೆಕ್ಕದಲ್ಲಿ ಮಗ ಸತ್ತದ್ದು ಆ ಕ್ಷಣ.

ಸಾಯಂಕಾಲ ಬಂದಾಗ ಅತ್ತೆ ತಟ್ಟೆಗೆ ರೊಟ್ಟಿ ಹಾಕಿ ಎದ್ದು ಹೋದರು. ಬ್ಯಾಟರಿ ಹೋಗಲಿ ಬಿಡಿ ಎಂದು ಹೇಳುವ ಧೈರ್ಯ ಇನ್ನು ನನಗಿಲ್ಲ.

ಜೂನ್ 30, ಸೋಮವಾರ

ತೊಂಬತ್ತೈದು. ಹೊಳಲ್ಕೆರೆ ಕಡೆಯ ಎರಡು ವರ್ಷದ ದಾಖಲೆ ತೆಗೆದೆ. ಬೇಕಾಗುವುದಿಲ್ಲ ಅನ್ನಿಸುತ್ತದೆ.

ಹೊಸ ಡಿಸ್ಕು ಬಂದಿಲ್ಲ.

ಜುಲೈ 3, ಗುರುವಾರ

ತೊಂಬತ್ತೇಳು. ಅಳಿಸುವುದಕ್ಕೆ ಇನ್ನೇನೂ ಉಳಿದಿಲ್ಲ. ಹರಿಯಬ್ಬೆ ಕಡೆಯ ಹುಡುಗರು ಕಳಿಸಿದ ಗಣೇಶನ ಹಬ್ಬದ ವಿಡಿಯೋ ಕೂಡ ಅಳಿಸಿದೆ, ನಗು ಬಂತು. ಶರಣ್ ಫೈಲು ಮಾತ್ರ ಚೆನ್ನಾಗಿದೆ.

ಜುಲೈ 8, ಮಂಗಳವಾರ

ಇವತ್ತೇ ಬರೆಯಬೇಕು. ಬಿಟ್ಟರೆ ನಾಳೆ ನಾನೇ ನನಗೆ ಬೇರೆ ಥರ ಹೇಳಿಕೊಂಡುಬಿಡುತ್ತೇನೆ.

ಬೆಳಿಗ್ಗೆ ನೋಡಿದಾಗ ಸಾಯಂಕಾಲದವರೆಗೆ ಸಾಕಾಗುವಷ್ಟು ಜಾಗವಿತ್ತು. ರಾಜಕುಮಾರ ಮತ್ತು ಇನ್ನೊಬ್ಬ ಹೊಸದುರ್ಗ ಕಡೆಯ ಗುಡ್ಡದಲ್ಲಿ ಫ್ಯಾನು ಹತ್ತಿದ್ದರು. ಪರದೆ ಮೇಲೆ ಗಾಳಿ ಸೆಕೆಂಡಿಗೆ ಆರು ಮೀಟರ್, ಎಲ್ಲಾ ಹಸಿರು. ನಾನು ಕಾಫಿ ಕುಡಿದೆ. ಮತ್ತೆ ನೋಡಿದೆ, ಆರು. ಮತ್ತೆ ನೋಡಿದೆ, ಆರು.

ಕಿಟಕಿಯಾಚೆ ಬೇವಿನ ಮರ ನೆಲಕ್ಕೆ ಬಾಗುತ್ತಿತ್ತು. ಇಲ್ಲಿಯ ಗಾಳಿಯೇ ಬೇರೆ, ಅಲ್ಲಿಯದೇ ಬೇರೆ ಎಂದುಕೊಂಡೆ. ಆಮೇಲೆ ಪರದೆಯ ಮೂಲೆಯ ಗಡಿಯಾರ ಕಣ್ಣಿಗೆ ಬಿತ್ತು. ಅದು ಹಿಂದೆಯೇ ಉಳಿದಿತ್ತು. ಡಿಸ್ಕು ನೂರಕ್ಕೆ ನೂರು. ಗಾಳಿ ಎದ್ದಿತ್ತು, ಶರಣ್ ಫೈಲು ಉಳಿದ ಜಾಗವನ್ನೆಲ್ಲ ನುಂಗಿತ್ತು, ಪರದೆ ಹಳೆಯ ಅಂಕಿ ಹಿಡಿದುಕೊಂಡು ನಿಂತಿತ್ತು.

ಕೈಗೆ ಸಿಕ್ಕ ಫೋಲ್ಡರ್ ಒಂದನ್ನು ಅಳಿಸಿದೆ. ಪರದೆ ಜೀವ ಬಂದಂತೆ ಹೊರಳಿತು. ಗಾಳಿ ಹದಿನೇಳು, ಗುಡ್ಡಕ್ಕೆ ಗುಡ್ಡವೇ ಕೆಂಪು. ರಾಜಕುಮಾರನ ಫೋನು ಹತ್ತಲಿಲ್ಲ. ಕೆಳಗಿದ್ದ ಜೀಪಿನ ಡ್ರೈವರಿಗೆ ಮಾಡಿದೆ. "ಅಯ್ಯೋ ಮೇಡಂ, ಇಳೀತಾ ಅವರೆ, ಕಂಬ ತೂಗಾಡ್ತಾ ಐತೆ" ಅಂದ. ಫೋನಿನಲ್ಲಿ ಗಾಳಿಯ ಸದ್ದು. ಆಮೇಲೆ ಯಾರೋ ಕಿರುಚಿದ ಸದ್ದು.

ಕಂಬದೊಳಗಿನ ಏಣಿಯ ದಾರಿಗೆ ಹಾಕುವ ಕಬ್ಬಿಣದ ಮುಚ್ಚಳ ತೂಗಾಟಕ್ಕೆ ಬಿದ್ದು ರಾಜಕುಮಾರನ ಹೆಗಲಿಗೆ ಬಡಿದಿದೆ. ಕೈ ತಪ್ಪಿ ಬೆಲ್ಟಿನಲ್ಲಿ ನೇತಾಡಿದ್ದಾನೆ. ಜೊತೆಯವನು ಇಳಿಸಿಕೊಂಡಿದ್ದಾನೆ. ಜೀವ ಉಳಿದಿದೆ. ಹೆಗಲ ಮೂಳೆ ಮುರಿದಿದೆ.

ನಾಳೆ ಆಸ್ಪತ್ರೆಗೆ ಹೋಗುತ್ತೇನೆ.

ಜುಲೈ 9, ಬುಧವಾರ

ಆಸ್ಪತ್ರೆಗೆ ಹೋಗಿದ್ದೆ. ರಾಜಕುಮಾರನ ಹೆಂಡತಿ ಚೈತ್ರಾ ಸ್ಟೂಲು ಎಳೆದು "ಕುಂತ್ಕಳ್ರಿ ಅಕ್ಕ" ಅಂದಳು. ಅವಳ ಕಣ್ಣು ಊದಿತ್ತು. ಆ ಮುಖ ನನಗೆ ಗೊತ್ತು, ನವೆಂಬರಿನಲ್ಲಿ ಕನ್ನಡಿಯಲ್ಲಿ ನೋಡಿದ್ದೇನೆ. ಸ್ವಲ್ಪದರಲ್ಲಿ ಅವಳಿಗೂ ಅದೇ ಗತಿ ತಂದಿಡುತ್ತಿದ್ದೆ.

ರಾಜಕುಮಾರ ಮಲಗಿದ್ದಲ್ಲೇ ಮಾತಾಡಿದ.

"ಮೇಲೆ ಸಿಕ್ಕಾಪಟ್ಟೆ ತೂಗ್ತಿತ್ತು ಅಕ್ಕ. ಇಳಿಯಾಣ ಅಂದ ನನ್ ಜೊತೆಗಾರ. ನಾನೇ ಬ್ಯಾಡ ಅಂದೆ. ದಿವ್ಯಕ್ಕ ಫೋನ್ ಮಾಡಿಲ್ಲ ಅಂದ್ಮೇಲೆ ಗಾಳಿ ಕಮ್ಮಿನೇ ಇರ್ಬೇಕು ಅನ್ಕಂಡೆ. ಇಳಿಯಾಕೆ ಶುರು ಮಾಡಾ ಹೊತ್ತಿಗೆ ತಡ ಆಗಿತ್ತು."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವನು ಬೈಯಲಿಲ್ಲ.

"ತಪ್ಪು ನಂದು ರಾಜಕುಮಾರ. ಡಿಸ್ಕು ಯಾಕೆ ತುಂಬ್ತಿತ್ತು ಅಂತ ನಂಗೆ ಗೊತ್ತಿತ್ತು" ಅಂದೆ. ಇಬ್ಬರಿಗೂ ಎಲ್ಲ ಹೇಳಿದೆ. ಅವನು ಮೇಲೆ ನೋಡುತ್ತಾ ಮಲಗಿದ್ದ. ಚೈತ್ರಾ ಅವನ ಹೊದಿಕೆ ಸರಿ ಮಾಡಿದಳು, ಮತ್ತೆ ನನ್ನ ಕಡೆ ತಿರುಗಲಿಲ್ಲ. ಅದು ನ್ಯಾಯವೇ.

ಅಲ್ಲಿಂದ ನೇರ ಮಂಜಣ್ಣ ಸಾರ್ ಹತ್ತಿರ ಹೋದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಶರಣಂದಾ? ಇನ್ನೂ ಓಡ್ತಾ ಐತಾ?"

"ಹೂಂ ಸಾರ್."

"ಯಾಕಮ್ಮ ಹೇಳ್ಲಿಲ್ಲ?"

"ಹೇಳಿದ್ರೆ ನಿಲ್ಸು ಅಂತಿದ್ರಿ."

"ಅಂತಿದ್ದೆ" ಅಂದರು. ಕನ್ನಡಕ ಮತ್ತೆ ಹಾಕಿಕೊಂಡರು. "ಮೇಲಿನೋರಿಗೆ ನಾನು ಬರೀಲೇಬೇಕು. ಅವ್ರೇನ್ ಮಾಡ್ತಾರೋ ಗೊತ್ತಿಲ್ಲ. ನಾಳೆ ನಿಲ್ಸು. ನೀನೇ ನಿಲ್ಸು. ಬೇರೆಯೋರ ಕೈಲಿ ಮಾಡ್ಸಲ್ಲ ನಾನು."

ಜುಲೈ 10, ಗುರುವಾರ

ನಿಲ್ಲಿಸಿದೆ.

ಮೊದಲು ಇಡೀ ಫೈಲನ್ನು ಹೊರಗಿನ ಡ್ರೈವಿಗೆ ನಕಲು ಮಾಡಿದೆ. ಕೋಣೆಯಲ್ಲಿ ಇದ್ದವರನ್ನೆಲ್ಲ ಸಾರ್ ಟೀ ಕುಡಿಯಲು ಕರೆದುಕೊಂಡು ಹೋದರು. ಕಿಲ್ ಎಂದು ಬರೆದು, ನಂಬರು ಬರೆದು, ಎಂಟರ್ ಒತ್ತುವ ಮುಂಚೆ ಪಟ್ಟಿಯನ್ನು ಇನ್ನೊಮ್ಮೆ ತೆಗೆದು ಅವರ ಹೆಸರು ನೋಡಿದೆ. "ಸಾಕು ಕಣ್ರೀ, ಇನ್ನು ನಾನು ನೋಡ್ಕಂತೀನಿ" ಅಂದೆ. ಒತ್ತಿದೆ.

ಏನೂ ಆಗಲಿಲ್ಲ. ಸದ್ದಿಲ್ಲ, ಗುರುತಿಲ್ಲ. ಪಟ್ಟಿಯಲ್ಲಿ ಅವರ ಸಾಲು ಇರಲಿಲ್ಲ, ಮೇಲಿನ ಸಾಲು ಕೆಳಗಿನ ಸಾಲು ಹತ್ತಿರ ಬಂದಿದ್ದವು. ದೊಡ್ಡ ಫೈಲನ್ನು ಸರ್ವರಿನಿಂದ ತೆಗೆದ ಮೇಲೆ ಫೋಲ್ಡರಿನ ತಾರೀಖು ಬದಲಾಯಿತು. ಜುಲೈ ಹತ್ತು. ಮೊದಲ ಸಲ.

ಮನೆಗೆ ಬಂದು ಅತ್ತೆಯ ಮುಂದೆ ಕೂತು, ಶರಣ್ ಕರೆಯುತ್ತಿದ್ದ ಹಾಗೆ ಅವ್ವ ಎಂದು ಕರೆದು ಎಲ್ಲ ಹೇಳಿದೆ. ಸರ್ವರು, ಫೈಲು ಅವಳಿಗೆ ಎಷ್ಟು ಅರ್ಥವಾಯಿತೋ ಕಾಣೆ. ಅವಳು ಕೇಳಿದ್ದು ಒಂದೇ.

"ಅವನು ಶುರು ಮಾಡಿದ್ದು ಇಷ್ಟು ದಿನ ಓಡ್ತಿತ್ತಾ?"

"ಹೂಂ ಅವ್ವ."

"ನೀನು ದಿನಾ ನೋಡ್ತಿದ್ಯಾ?"

"ದಿನಾ ನೋಡ್ತಿದ್ದೆ."

"ಇವತ್ತು ಬಂದ್ ಮಾಡ್ದೆ."

"ಮಾಡ್ದೆ."

ಅವ್ವ ಎದ್ದು ಒಲೆ ಹಚ್ಚಿದಳು. ನನಗೆ ಇಷ್ಟ ಅಂತ ಮಂಡಕ್ಕಿ ಒಗ್ಗರಣೆ ಮಾಡಿ ತಂದು ಮುಂದಿಟ್ಟು, ನಾನು ತಿನ್ನುವವರೆಗೂ ಅಲ್ಲೇ ಕೂತಿದ್ದಳು. ಇವತ್ತು ಇಬ್ಬರೂ ಚೆನ್ನಾಗಿ ಅತ್ತೆವು.

ಜುಲೈ 19, ಶನಿವಾರ

ರಾಜಕುಮಾರ ಮನೆಗೆ ಹೋದ. ಯಲ್ಲದಕೆರೆಗೆ ಫೋನ್ ಮಾಡಿದರೆ ಚೈತ್ರಾ ಎತ್ತಿಕೊಂಡು, ನನ್ನ ದನಿ ಕೇಳಿದ ಕೂಡಲೇ ಅವನಿಗೆ ಕೊಟ್ಟಳು. ಕೊಟ್ಟಳಲ್ಲ, ಅಷ್ಟು ಸಾಕು. ಹೆಗಲು ಕೂಡುವ ತನಕ ಕುರಿ ಹಿಂದೆ ಹೋಗುತ್ತಾನಂತೆ.

ಮೇಲಿನವರು ನನಗೆ ಎಚ್ಚರಿಕೆ ಕೊಟ್ಟಿದ್ದಾರೆ, ಕೆಲಸ ಉಳಿದಿದೆ. ಶರಣ್ ಬರೆದಿಟ್ಟ ಅಲುಗಾಟದ ಲೆಕ್ಕವನ್ನು ಸಾರ್ ಗೇರಿನ ಇಂಜಿನಿಯರಿಗೆ ಕಳಿಸಿದ್ದಾರೆ. ಬಿಚ್ಚಿ ನೋಡುತ್ತೇವೆ ಅಂದಿದ್ದಾರಂತೆ. ನೋಡುತ್ತಾರೋ ಬಿಡುತ್ತಾರೋ, ನಾನಂತೂ ವಾರಕ್ಕೊಮ್ಮೆ ಕೇಳುತ್ತೇನೆ.

ಡಿಸ್ಕು ಅರವತ್ತು ಚಿಲ್ಲರೆ. ಹತ್ತು ನಿಮಿಷಕ್ಕೊಮ್ಮೆ ಕಿಟಕಿಯಾಚೆಯ ಬೇವಿನ ಮರವನ್ನೂ ನೋಡುತ್ತೇನೆ.

ಜುಲೈ 28, ಸೋಮವಾರ

ಶ್ರಾವಣದ ಮೊದಲ ಸೋಮವಾರ. ರಜೆ ಹಾಕಿದ್ದೆ. ಎಂಟಕ್ಕೆ ಬೈಕಿನ ಸದ್ದು ಬಂತು. ನಾನು ಸ್ನಾನದ ಮನೆಗೆ ಹೋಗದೆ ಹೊರಗೆ ಬಂದು ಕಲ್ಲಿನ ಮೇಲೆ ಅವ್ವನ ಪಕ್ಕ ಕೂತೆ.

ಸ್ವಲ್ಪ ಹೊತ್ತಾದ ಮೇಲೆ ಅವಳೇ ಮಾತು ತೆಗೆದಳು.

"ಅವತ್ತು ನೀನು ಬಂದ್ ಮಾಡ್ದೆ ಅಂತ ನಂಗೆ ಬಾಳ ಸಿಟ್ಟಿತ್ತು ಕಣೇ. ಬಿಟ್ಟಿದ್ರೆ ಇನ್ನೊಂದೀಟು ಹೊತ್ತು ನನ್ ಮಗ ಹೊರಟಿದ್ದಾನೆ ಅಂತ ಅನ್ಕಂಡಿರ್ತಿದ್ದೆ."

"ಗೊತ್ತು ಅವ್ವ."

"ನಿಂತಲ್ಲೇ ಓಡ್ಸಿ ಓಡ್ಸಿ ಏನ್ ಮಾಡಾದು ಇದನ್ನ. ನಿಂಗೆ ಬರ್ತೈತಲ್ಲ, ಎತ್ತು ಸ್ಟ್ಯಾಂಡು. ಅವನತ್ರ ಹೋಗಾಣ."

ಶರಣ್ ಸಮಾಧಿ ಹೊಳಲ್ಕೆರೆ ಕಡೆಯ ಬಿ.ದುರ್ಗದಲ್ಲಿ ಇದೆ, ಮಾವನವರ ಹೊಲದಲ್ಲಿ, ಅವರ ಸಮಾಧಿಯ ಪಕ್ಕದಲ್ಲೇ. ಅವ್ವ ವಿಭೂತಿ, ಪತ್ರೆ, ಎರಡು ತೆಂಗಿನಕಾಯಿ ಚೀಲಕ್ಕೆ ಹಾಕಿ ಹಿಂದೆ ಕೂತಳು. ನನ್ನ ಸೊಂಟವನ್ನು ಎರಡೂ ಕೈಯಲ್ಲಿ ಹಿಡಿದಳು. ಬೀದಿಯ ಕೊನೆಯಲ್ಲೇ ಒಮ್ಮೆ ಬಂದ್ ಬಿತ್ತು, ಪಕ್ಕದ ಮನೆಯ ಮಕ್ಕಳು ನಕ್ಕರು, ಅವ್ವನೂ ನಕ್ಕಳು. ಹೊಳಲ್ಕೆರೆ ರಸ್ತೆಗೆ ಬಂದ ಮೇಲೆ ಕೈ ಕುದುರಿತು. ಗುಡ್ಡದ ಮೇಲೆ ಫ್ಯಾನುಗಳು ತಿರುಗುತ್ತಿದ್ದವು.

"ಅವನದು ಯಾವ್ದೇ?" ಎಂದು ಅವ್ವ ಕಿವಿಯ ಹತ್ತಿರ ಕೂಗಿದಳು.

"ಇಲ್ಲಿ ಕಾಣಲ್ಲ ಅವ್ವ, ಹೊಸದುರ್ಗದ ಕಡೆ ಐತೆ."

"ಇನ್ನೊಂದಿನ ತೋರ್ಸು."

ಹೊಲದ ಬದುವಿನವರೆಗೂ ಬೈಕ್ ತೆಗೆದುಕೊಂಡು ಹೋದೆ. ಸಮಾಧಿಯ ಮುಂದೆ ನಿಲ್ಲಿಸಿ ಕಾಲು ಊರಿದೆ. ಎಂಜಿನ್ ಓಡುತ್ತಲೇ ಇತ್ತು. ನನ್ನ ಕೈ ಕೀ ಹತ್ತಿರ ಹೋಗಿ ನಿಂತಿತು. ಮುಂದೆ ಹೋಗಲಿಲ್ಲ.

ಅವ್ವ ನಿಧಾನವಾಗಿ ಕೆಳಗಿಳಿದಳು. ಸೀರೆ ಸರಿ ಮಾಡಿಕೊಂಡಳು. ಸ್ವಲ್ಪ ಹೊತ್ತು ಸಮಾಧಿಯನ್ನು ನೋಡುತ್ತಾ ಬೈಕಿನ ಸದ್ದು ಕೇಳುತ್ತಾ ನಿಂತಿದ್ದಳು. ಆಮೇಲೆ ನನ್ನ ಮುಂದಿನಿಂದ ಕೈ ಚಾಚಿ, ತಾನೇ ಕೀ ತಿರುಗಿಸಿದಳು.